ಗ್ರೀನ್ ಟೀ ಕುಡಿದರೆ ಲಿವರ್‌ನ ಕೊಬ್ಬು ಕರಗುವುದೇ?

"ಫಾದರ್, ಗ್ರೀನ್ ಟೀ ಕುಡಿದರೆ ಫ್ಯಾಟಿ ಲಿವರ್ ವಾಸಿಯಾಗುತ್ತದೆಯಂತೆ, ನಿಜವೇ?"

ಕರಾವಳಿಯಿಂದ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗಿದ್ದಾಗ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಮಗೆ ಎದುರಾದ ಪ್ರಶ್ನೆ ಇದು. ಕೇಳಿದವರು ಐವತ್ತು ದಾಟಿದ ಒಬ್ಬ ತಾಯಿ. ಕೈಯಲ್ಲಿ ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರ್ ಇತ್ತು. ಅದರೊಳಗಿನ ವರದಿಯಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಎಂದು ಬರೆದಿತ್ತು. ಪಕ್ಕದಲ್ಲಿ ನಿಂತಿದ್ದ ಇಬ್ಬರು ತಮಗೂ ಅದೇ ಇದೆ ಎಂದರು. ಅವರಲ್ಲಿ ಒಬ್ಬರಿಗೆ ಗ್ರೇಡ್ 1. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದಷ್ಟೇ ನೆಮ್ಮದಿಯಿಂದ ಅವರು ಅದನ್ನು ಹೇಳಿದರು!

ನಾವು ವೈದ್ಯರಲ್ಲ. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಕಲಿತವರಿಗೆ ಯಕೃತ್ತಿನ ಬಗ್ಗೆ ಉತ್ತರ ಹೇಳುವ ಅಧಿಕಾರ ಇಲ್ಲ. ಆದರೆ ಜನ ವೈದ್ಯರಲ್ಲಿ ಕೇಳಲು ಸಂಕೋಚಪಡುವ ಪ್ರಶ್ನೆಗಳನ್ನು ಗುರುಗಳಲ್ಲಿ ಕೇಳುತ್ತಾರೆ. ಅಂದು ನಾವು "ನೋಡಿ ಹೇಳುತ್ತೇವೆ" ಎಂದು ತಪ್ಪಿಸಿಕೊಂಡೆವು. ಮರುದಿನ ಭದ್ರಾವತಿಯಲ್ಲಿ ಕಂಡ ಎರಡು ಮನೆಗಳು ನಮ್ಮನ್ನು ತಪ್ಪಿಸಿಕೊಳ್ಳಲು ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಪರಿಚಿತ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕರಾವಳಿಯ ಓದುಗರಿಗೆ ಶಿವಮೊಗ್ಗ, ಭದ್ರಾವತಿ ದೂರದ ಊರುಗಳಲ್ಲ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಸ್ಥಾಪನೆಯಾಯಿತು. ಅಲ್ಲಿ 2000ದಿಂದ 2012ರ ತನಕ ಧರ್ಮಾಧ್ಯಕ್ಷರಾಗಿದ್ದ ಜೆರಾಲ್ಡ್ ಐಸಾಕ್ ಲೋಬೊ ಅವರೇ ಮುಂದೆ ಉಡುಪಿ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾದರು. ನಮ್ಮ ಎಷ್ಟೋ ಮನೆಗಳ ಅಣ್ಣಂದಿರು, ಮಾವಂದಿರು ಕೆಲಸ ಹುಡುಕಿಕೊಂಡು ಆಗುಂಬೆ ಘಾಟಿ ಹತ್ತಿ ಹೋದವರು. ಹೋಗುವಾಗ ಸನ್ನಾಸ್, ಹಂದಿಮಾಂಸದ ಸಾರು, ಕ್ರಿಸ್ಮಸ್ ಕುಸ್ವಾರ್ ಎಲ್ಲವನ್ನೂ ಜೊತೆಯಲ್ಲೇ ಒಯ್ದರು. ಅಲ್ಲಿ ಮಲೆನಾಡಿನ ಕಡುಬು, ಅಕ್ಕಿ ರೊಟ್ಟಿ ಅದಕ್ಕೆ ಸೇರಿಕೊಂಡವು.

ಕೆಲಸ ನಿಂತಿತು, ತಟ್ಟೆ ಹಾಗೆಯೇ ಉಳಿಯಿತು

ಶಿವಮೊಗ್ಗದಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿ ಕಾರ್ಖಾನೆಗಳ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿತು. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಕುಲುಮೆಯ ಮುಂದೆ ಎಂಟು ಗಂಟೆ ದುಡಿದು, ಸೈಕಲ್ ತುಳಿದು ಮನೆಗೆ ಬರುತ್ತಿದ್ದ ಕಾರ್ಮಿಕನಿಗೆ ಮೂರು ಹೊತ್ತು ತಟ್ಟೆ ತುಂಬ ಅನ್ನ ಬೇಕೇಬೇಕಿತ್ತು. ತಿಂದದ್ದು ಬೆವರಾಗಿ ಹೋಗುತ್ತಿತ್ತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣ-ಉಕ್ಕಿನ ಕಾರ್ಖಾನೆಯಲ್ಲಿ ವರ್ಷದಿಂದ ವರ್ಷಕ್ಕೆ ಕೈಗಳು ಕಡಿಮೆಯಾದವು, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರವೂ ಪ್ರಕಟವಾಗಿ ಊರೇ ಬೀದಿಗಿಳಿಯಿತು. ಅದರ ಅರ್ಥಶಾಸ್ತ್ರವನ್ನು ಬಲ್ಲವರು ಬರೆದಿದ್ದಾರೆ. ನಾವು ಹೇಳಬೇಕಾದದ್ದು ಚಿಕ್ಕ ಮಾತು. ಮೈಮುರಿಯುವ ಕೆಲಸ ನಿಂತ ಮನೆಗಳಲ್ಲಿ ತಟ್ಟೆಯ ಅಳತೆ ಮಾತ್ರ ಹಳೆಯದೇ ಉಳಿದಿದೆ. ಮುಂದಿನ ತಲೆಮಾರು ಅಂಗಡಿ, ಕಚೇರಿ, ಆಟೊ ಸೀಟಿನಲ್ಲಿ ಕುಳಿತು ದುಡಿಯುತ್ತದೆ. ಸಂಜೆ ಬೇಕರಿಯ ಪಫ್ಸ್, ಖಾರ ಬನ್, ಬಜ್ಜಿ, ಜೊತೆಗೆ ಸಕ್ಕರೆ ಹಾಕಿದ ಚಹಾ. ಕರಾವಳಿಯಲ್ಲೂ ಇದೇ ಕಥೆ. ಭತ್ತದ ಗದ್ದೆಗೆ ಇಳಿಯುತ್ತಿದ್ದವರ ಮಕ್ಕಳು ನಾವು, ಗಂಜಿಯ ಬಟ್ಟಲನ್ನು ಮಾತ್ರ ಬಿಟ್ಟಿಲ್ಲ.

ಭದ್ರಾವತಿಯ ಮೊದಲ ಮನೆ ಅಂತಹ ಒಬ್ಬ ನಿವೃತ್ತ ಕಾರ್ಮಿಕರದು. ಎರಡು ವರ್ಷಗಳ ಹಿಂದೆ ಅವರ ತೂಕ 84 ಕಿಲೊ, ಲಿವರ್‌ನಲ್ಲಿ ಕೊಬ್ಬು, ರಕ್ತದಲ್ಲಿ ಸಕ್ಕರೆ ಗಡಿಯಲ್ಲಿ. ನಾವು ಹೋದಾಗ 75 ಕಿಲೊಗೆ ಇಳಿದಿದ್ದರು, ವರದಿಗಳೂ ಸುಧಾರಿಸಿದ್ದವು. "ಎಲ್ಲ ಗ್ರೀನ್ ಟೀ ಮಹಿಮೆ ಫಾದರ್" ಎಂದರು. ನಾವು ಸ್ವಲ್ಪ ಕೆದಕಿ ಕೇಳಿದೆವು. ಮೊದಲು ದಿನಕ್ಕೆ ಆರು ಲೋಟ ಹಾಲಿನ ಚಹಾ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ಗ್ರೀನ್ ಟೀ ಹಿಡಿದ ಮೇಲೆ ಅದು ನಿಂತಿತು. ಗ್ರೀನ್ ಟೀ ಜೊತೆ ಬಿಸ್ಕತ್ತು ರುಚಿಸುವುದಿಲ್ಲವೆಂದು ಬಿಸ್ಕತ್ತೂ ನಿಂತಿತು. ವೈದ್ಯರು ಹೆದರಿಸಿದ್ದರಿಂದ ಬೆಳಿಗ್ಗೆ ಒಂದು ಗಂಟೆ ನಡಿಗೆ. ರಾತ್ರಿ ಅನ್ನದ ಬದಲು ಎರಡು ರಾಗಿ ರೊಟ್ಟಿ. ಇಷ್ಟೆಲ್ಲ ಮಾಡಿಯೂ ಹೆಸರು ಮಾತ್ರ ಗ್ರೀನ್ ಟೀಗೆ ಕೊಟ್ಟುಬಿಟ್ಟಿದ್ದರು.

ಲೆಕ್ಕ ಹಾಕಿ ನೋಡೋಣ. ಒಂದು ಚಮಚ ಸಕ್ಕರೆ ಸುಮಾರು 4ರಿಂದ 5 ಗ್ರಾಂ. ಆರು ಲೋಟಕ್ಕೆ ಹನ್ನೆರಡು ಚಮಚ ಎಂದರೆ ಸುಮಾರು 50ರಿಂದ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಅಂದರೆ ಸಾಮಾನ್ಯ ವಯಸ್ಕರಿಗೆ ಸುಮಾರು 50 ಗ್ರಾಂ ಒಳಗೆ ಇರಬೇಕು. ಅರ್ಧಕ್ಕೆ, 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಈ ಹಿರಿಯರ ಇಡೀ ದಿನದ ಪಾಲು ಚಹಾ ಲೋಟದಲ್ಲೇ ಮುಗಿಯುತ್ತಿತ್ತು.

ಲಿವರ್‌ನಲ್ಲಿ ಕೊಬ್ಬು ಎಲ್ಲಿಂದ ಬರುತ್ತದೆ?

ಎಣ್ಣೆ, ಹಂದಿಮಾಂಸದ ಕೊಬ್ಬು ತಿಂದದ್ದೇ ನೇರವಾಗಿ ಲಿವರ್‌ಗೆ ಹೋಗಿ ಅಂಟುತ್ತದೆ ಎಂದು ಹಲವರ ನಂಬಿಕೆ. ವಿಷಯ ಅಷ್ಟು ಸರಳವಲ್ಲ. ಸುಮಾರು ಒಂದೂವರೆ ಕಿಲೊ ತೂಗುವ ಲಿವರ್ ನಮ್ಮ ದೇಹದ ಅಡುಗೆಮನೆಯೂ ಹೌದು, ಉಗ್ರಾಣವೂ ಹೌದು. ಕರುಳಿನಿಂದ ಹೊರಟ ರಕ್ತ ಮೊದಲು ಅಲ್ಲಿಗೇ ಬರುತ್ತದೆ. ನಾವು ಬೇಕಾದ್ದಕ್ಕಿಂತ ಹೆಚ್ಚು ಅನ್ನ, ಮೈದಾ, ಸಕ್ಕರೆ ತಿಂದಾಗ ಲಿವರ್ ಅದನ್ನು ಕೊಬ್ಬಾಗಿ ಮಾರ್ಪಡಿಸಿ ಇಡುತ್ತದೆ. ಸಕ್ಕರೆಯಲ್ಲಿ ಅರ್ಧ ಭಾಗ ಫ್ರಕ್ಟೋಸ್. ಅದರ ಹೆಚ್ಚಿನ ಪಾಲನ್ನು ಲಿವರೇ ನಿಭಾಯಿಸಬೇಕು. ಇನ್ನೊಂದು ಕಡೆ ಹೊಟ್ಟೆಯ ಸುತ್ತ ಕೊಬ್ಬು ಸೇರಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಹೊಟ್ಟೆಯ ಕೊಬ್ಬು ಕರಗಿ ರಕ್ತಕ್ಕೆ ಸೇರಿ ಮತ್ತೆ ಲಿವರ್ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೀಗೆ ಲಿವರ್‌ನಲ್ಲಿ ಕೊಬ್ಬಿನ ಪ್ರಮಾಣ ಶೇ. 5 ದಾಟಿದರೆ ಅದು ಫ್ಯಾಟಿ ಲಿವರ್.

ಹೆಚ್ಚಿನವರಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ನೋವಿಲ್ಲ, ಜ್ವರವಿಲ್ಲ. ಕೆಲವರಲ್ಲಿ ಮಾತ್ರ ಲಿವರ್‌ನ ಜೀವಕೋಶಗಳಲ್ಲಿ ಉರಿಯೂತ ಆರಂಭವಾಗಿ, ಗಾಯ ಮಾಗಿದ ಕಲೆಯಂತೆ ನಾರು ಬೆಳೆಯುತ್ತದೆ. ನಾರು ಹೆಚ್ಚಿದರೆ ಸಿರೋಸಿಸ್, ಕೆಲವೊಮ್ಮೆ ಕ್ಯಾನ್ಸರ್. "ಅವನು ಒಂದು ಹನಿ ಕುಡಿದವನಲ್ಲ, ಅವನಿಗೆ ಹೇಗೆ ಸಿರೋಸಿಸ್?" ಎಂದು ಅಂತ್ಯಸಂಸ್ಕಾರದ ದಿನ ಜನ ಪಿಸುಗುಟ್ಟುವುದನ್ನು ನಾವು ಕೇಳಿದ್ದೇವೆ. ಸತ್ತವನ ಮೇಲೆ ಗುಟ್ಟಾಗಿ ಕುಡಿಯುತ್ತಿದ್ದ ಎಂಬ ಆರೋಪ, ಮನೆಯವರಿಗೆ ದುಃಖದ ಮೇಲೆ ಅವಮಾನ. ಈ ತಪ್ಪು ಕಲ್ಪನೆ ಹೋಗಲಿ ಎಂಬುದೂ ಸೇರಿಯೇ 2023ರಲ್ಲಿ ಜಗತ್ತಿನ ಲಿವರ್ ತಜ್ಞರು ರೋಗದ ಹೆಸರನ್ನೇ ಬದಲಾಯಿಸಿದರು. ಮೊದಲು 'ಮದ್ಯಪಾನದಿಂದ ಬಾರದ ಫ್ಯಾಟಿ ಲಿವರ್' ಎಂದಿತ್ತು. ಈಗ ದೇಹದ ಚಯಾಪಚಯದ ಏರುಪೇರಿಗೆ ಅದನ್ನು ಜೋಡಿಸಿ ಹೆಸರಿಟ್ಟಿದ್ದಾರೆ, ಎಂಎಎಸ್‌ಎಲ್‌ಡಿ ಎಂದು ವರದಿಗಳಲ್ಲಿ ಕಾಣಬಹುದು.

ಇದು ಅಪರೂಪದ ರೋಗವಲ್ಲ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಸುಮಾರು ಶೇ. 38 ಮಂದಿಗೆ ಫ್ಯಾಟಿ ಲಿವರ್ ಇದೆ. ಕೇಂದ್ರ ಸರಕಾರ 2021ರಲ್ಲಿಯೇ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಇದನ್ನೂ ಸೇರಿಸಿತು. ಅಂದರೆ ಶಿವಮೊಗ್ಗದ ಅಂಗಳದಲ್ಲಿ ನಮ್ಮನ್ನು ಸುತ್ತುವರಿದ ಮೂವರು ವಿಶೇಷ ದುರದೃಷ್ಟವಂತರೇನಲ್ಲ.

ಎಲೆಯೊಳಗೆ ಏನಿದೆ?

ಈಗ ಗ್ರೀನ್ ಟೀ ವಿಷಯಕ್ಕೆ ಬರೋಣ. ಇದು ಬೇರೆ ಗಿಡದ ಎಲೆಯಲ್ಲ, ನಾವು ದಿನಾ ಕುಡಿಯುವ ಚಹಾದ ಗಿಡವೇ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿಯೂ ಈ ಗಿಡದ ತೋಟವಿದೆ. ಕಿತ್ತ ಎಲೆಯನ್ನು ಬಾಡಿಸಿ, ಉಜ್ಜಿ, ಗಾಳಿಯಲ್ಲಿ ಕಪ್ಪಾಗಲು ಬಿಟ್ಟರೆ ಸಾಮಾನ್ಯ ಚಹಾ ಪುಡಿ. ಕಿತ್ತ ಕೂಡಲೇ ಹಬೆಯಲ್ಲಿ ಅಥವಾ ಬಿಸಿ ಬಾಣಲೆಯಲ್ಲಿ ಕಾಯಿಸಿ ಕಪ್ಪಾಗದಂತೆ ತಡೆದರೆ ಗ್ರೀನ್ ಟೀ. ಹೀಗೆ ತಡೆದಾಗ ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಹೆಚ್ಚು ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. ಗ್ರೀನ್ ಟೀ ಕುರಿತ ಎಲ್ಲ ಒಳ್ಳೆಯ ಮಾತು ಮತ್ತು ಎಲ್ಲ ಎಚ್ಚರಿಕೆಯ ಮಾತು ಎರಡೂ ಈ ಒಂದು ಪದಾರ್ಥದ ಸುತ್ತ ಇವೆ.

ಒಳ್ಳೆಯ ಮಾತು ಸುಳ್ಳಲ್ಲ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಬ್ರೂನೊ ಮತ್ತು ಸಂಗಡಿಗರು ಇಲಿಗಳಿಗೆ ಎಂಟು ವಾರ ಕೊಬ್ಬಿನ ಆಹಾರ ಕೊಟ್ಟು ಬೊಜ್ಜು ಬರುವಂತೆ ಮಾಡಿದರು. ಆ ಆಹಾರದಲ್ಲೇ ಶೇ. 2ರಷ್ಟು ಗ್ರೀನ್ ಟೀ ಸಾರ ಬೆರೆಸಿ ಕೊಟ್ಟ ಇಲಿಗಳು, ಬೆರೆಸದೆ ಕೊಟ್ಟವುಗಳಿಗಿಂತ ಸುಮಾರು ಶೇ. 20 ಕಡಿಮೆ ತೂಕ ಪಡೆದವು. ಅವುಗಳಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಕರುಳಿನ ಗೋಡೆಯೂ ಗಟ್ಟಿಯಾಗಿತ್ತು. ಇದು 2019ರಲ್ಲಿ ಪ್ರಕಟವಾದ ಅಧ್ಯಯನ. ಅವರ ವಿವರಣೆ ಕುತೂಹಲಕರ. ಕೊಬ್ಬಿನ ಆಹಾರದಿಂದ ಕರುಳಿನ ಗೋಡೆ ಸಡಿಲವಾದಾಗ ಒಳಗಿನ ಬ್ಯಾಕ್ಟೀರಿಯಾಗಳ ವಿಷಾಂಶ ಸೋರಿ ರಕ್ತದ ಮೂಲಕ ಲಿವರ್ ತಲುಪಿ ಉರಿಯೂತ ಎಬ್ಬಿಸುತ್ತದೆ. ಗ್ರೀನ್ ಟೀ ಆ ಸೋರಿಕೆಯನ್ನು ತಡೆಯುತ್ತದೆ ಎಂಬುದು ಅವರ ಅಭಿಪ್ರಾಯ. ಹಾಗಿದ್ದರೆ ಲಿವರ್‌ಗೆ ಸಿಗುವ ಪ್ರಯೋಜನ ನಿಜವಾಗಿ ಕರುಳಿನಲ್ಲಿ ಆರಂಭವಾಗುತ್ತದೆ.

ಆದರೆ ಇಲಿಗಳಿಗೆ ಕೊಟ್ಟ ಪ್ರಮಾಣ ಮನುಷ್ಯರ ಲೆಕ್ಕದಲ್ಲಿ ದಿನಕ್ಕೆ ಸುಮಾರು 10 ಕಪ್! ಅದೂ ಇಲಿಯ ಊಟ ನಮ್ಮ ಕೈಯಲ್ಲಿದೆ, ಅದು ಸಂಜೆ ಬೇಕರಿಗೆ ಹೋಗುವುದಿಲ್ಲ. ಅದೇ ತಂಡ ಮುಂದೆ 40 ಜನರ ಮೇಲೆ ಒಂದು ಸಣ್ಣ ಪ್ರಯೋಗ ಮಾಡಿ 2022ರಲ್ಲಿ ಪ್ರಕಟಿಸಿತು. 28 ದಿನ, ದಿನಕ್ಕೆ ಐದು ಕಪ್‌ಗೆ ಸಮನಾದ ಸಾರ. ರಕ್ತದ ಸಕ್ಕರೆ ಸ್ವಲ್ಪ ಇಳಿಯಿತು, ಕರುಳಿನ ಉರಿಯೂತ ಕಡಿಮೆಯಾಯಿತು, ತೂಕ ಮಾತ್ರ ಇಳಿಯಲಿಲ್ಲ. ಜಪಾನಿನಲ್ಲಿ ಫ್ಯಾಟಿ ಲಿವರ್ ಇದ್ದ 17 ಮಂದಿಯ ಮೇಲೆ 12 ವಾರ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಚ್ಚು ಕ್ಯಾಟೆಚಿನ್ ಇದ್ದ ಟೀ ಕುಡಿದವರ ಲಿವರ್ ಪರೀಕ್ಷೆಗಳು ಸುಧಾರಿಸಿದವು. ಹದಿನೇಳು ಮಂದಿ ಎಂದರೆ ನಮ್ಮ ಒಂದು ವಾಳೆಯ ಜಪಮಾಲೆಗೆ ಸೇರುವ ಜನಕ್ಕಿಂತ ಕಡಿಮೆ. ಅದರ ಮೇಲೆ ದೊಡ್ಡ ನಂಬಿಕೆ ಕಟ್ಟಲಾಗದು. ಒಟ್ಟಿನಲ್ಲಿ ಮನುಷ್ಯರಲ್ಲಿ ಗ್ರೀನ್ ಟೀಯಿಂದ ಚಿಕ್ಕ ಸಹಾಯ ಆಗಬಹುದು. ಅದೇ ಚಿಕಿತ್ಸೆ ಎಂದು ಹೇಳಲು ಆಧಾರವಿಲ್ಲ, ಯಾವ ಲಿವರ್ ತಜ್ಞರ ಸಂಘವೂ ಹಾಗೆ ಹೇಳಿಲ್ಲ.

ಈ ಮಾತು ನಮ್ಮ ಗಿಡಮೂಲಿಕೆಗಳಿಗೂ ಅನ್ವಯ. ಭದ್ರಾವತಿಯ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿಯೂ ಮಲೆನಾಡಿನ ಗಿಡಗಳ ಸಾರ ಇಲಿಗಳ ಲಿವರನ್ನು ಕಾಪಾಡುವುದೇ ಎಂದು ಸಂಶೋಧಕರು ನೋಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಇಲಿಯಿಂದ ಮನುಷ್ಯನ ತನಕ ದಾರಿ ಉದ್ದವಿದೆ. ವಾಟ್ಸಾಪ್ ಸಂದೇಶಗಳು ಆ ದಾರಿಯನ್ನು ಒಂದೇ ಜಿಗಿತದಲ್ಲಿ ದಾಟಿಬಿಡುತ್ತವೆ.

ಎರಡನೆಯ ಮನೆ

ಭದ್ರಾವತಿಯ ಎರಡನೆಯ ಮನೆ ಆ ಹಿರಿಯರ ಸಂಬಂಧಿಕರದು. ನಲವತ್ತರ ಆಸುಪಾಸಿನ ಗೃಹಿಣಿ. ಅಣ್ಣನ ತೂಕ ಇಳಿದದ್ದನ್ನು ನೋಡಿ ಅವರಿಗೂ ಆಸೆಯಾಯಿತು. ಗ್ರೀನ್ ಟೀ ಒಗರು, ಬಾಯಿಗೆ ಹಿಡಿಸಲಿಲ್ಲ. ಪರಿಚಿತರೊಬ್ಬರು "ಅದೇ ಟೀ, ಕ್ಯಾಪ್ಸೂಲ್ ರೂಪದಲ್ಲಿ" ಎಂದು ತೂಕ ಇಳಿಸುವ ಮಾತ್ರೆಯ ಡಬ್ಬಿ ಕೊಟ್ಟರು. ಹೆಸರು ಇಲ್ಲಿ ಬೇಡ. ಅದು ತಪಸ್ಸು ಕಾಲ. ವಿಭೂತಿ ಬುಧವಾರದಿಂದಲೇ ಅವರು ಬೆಳಗಿನ ಉಪಾಹಾರ ಬಿಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ದಿನಕ್ಕೆ ಎರಡು ಕ್ಯಾಪ್ಸೂಲ್, ಬೇಗ ಇಳಿಯಲಿ ಎಂದು ಕೆಲವು ದಿನ ಮೂರು. ಪಾಸ್ಖ ಹಬ್ಬದ ಹೊತ್ತಿಗೆ ಊಟ ಸೇರದಾಯಿತು, ಮೈ ತುರಿಕೆ, ಮೂತ್ರ ಕಡು ಹಳದಿ, ಕಣ್ಣೂ ಹಳದಿ. ಕಾಮಾಲೆ ಎಂದು ಮೊದಲು ಎಲೆ ಮದ್ದು ಕೊಟ್ಟರು. ಪುಣ್ಯಕ್ಕೆ ಮಗಳು ಆಸ್ಪತ್ರೆಗೆ ಕರೆದೊಯ್ದಳು. ವೈರಸ್ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಮೂರನೆಯ ದಿನ ವೈದ್ಯರು ಮತ್ತೆ ಮತ್ತೆ ಕೇಳಿದ ಮೇಲೆ ಡಬ್ಬಿಯ ವಿಷಯ ಬಾಯಿಬಿಟ್ಟರು. "ಅದು ಔಷಧವಲ್ಲ, ಟೀ ಅಲ್ಲವೇ, ಅದಕ್ಕೆ ಹೇಳಲಿಲ್ಲ" ಎಂದು ನಮ್ಮಲ್ಲಿ ಹೇಳುವಾಗಲೂ ಅವರ ಮುಖದಲ್ಲಿ ನಾಚಿಕೆ ಇತ್ತು. ಕ್ಯಾಪ್ಸೂಲ್ ನಿಲ್ಲಿಸಿ ಎರಡು ತಿಂಗಳಲ್ಲಿ ಚೇತರಿಸಿಕೊಂಡರು.

ಇದು ಅವರೊಬ್ಬರ ದುರಾದೃಷ್ಟವಲ್ಲ. ಫ್ರಾನ್ಸ್ ಮತ್ತು ಸ್ಪೇನ್ ದೇಶಗಳು 2003ರಲ್ಲಿಯೇ ಗ್ರೀನ್ ಟೀ ಸಾರದ ಒಂದು ಸ್ಲಿಮ್ಮಿಂಗ್ ಕ್ಯಾಪ್ಸೂಲನ್ನು ಲಿವರ್ ಹಾನಿಯ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದೆಗೆಸಿದ್ದವು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಲಭ್ಯ ಮಾಹಿತಿಯನ್ನೆಲ್ಲ ಪರಿಶೀಲಿಸಿ, ಕುಡಿಯುವ ಗ್ರೀನ್ ಟೀ ಸಾಮಾನ್ಯವಾಗಿ ಸುರಕ್ಷಿತ, ಆದರೆ ಪೂರಕ ಮಾತ್ರೆಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಲಿವರ್‌ಗೆ ಪೆಟ್ಟಾದ ಸೂಚನೆಗಳು ರಕ್ತದಲ್ಲಿ ಕಾಣಿಸುತ್ತವೆ ಎಂದಿತು. 2022ರ ಕೊನೆಗೆ ಐರೋಪ್ಯ ಒಕ್ಕೂಟ ಅದನ್ನೇ ಕಾನೂನು ಮಾಡಿ, ದಿನದ ಪ್ರಮಾಣ 800 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು ಎಂದು ಡಬ್ಬಿಯ ಮೇಲೆ ಬರೆಯಬೇಕು ಎಂದಿತು. ಖಾಲಿ ಹೊಟ್ಟೆಯಲ್ಲಿ ಇಜಿಸಿಜಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ಕಪ್‌ನಲ್ಲಿ ನಾವು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದನ್ನು ಕ್ಯಾಪ್ಸೂಲ್ ಒಂದೇ ಏಟಿಗೆ ಲಿವರ್‌ನ ಬಾಗಿಲಿಗೆ ತಂದು ಸುರಿಯುತ್ತದೆ. ಉಪವಾಸದ ದಿನಗಳಲ್ಲಿ ಇದು ಇನ್ನೂ ಅಪಾಯ. ನಮ್ಮ ತಪಸ್ಸು ಕಾಲದ ಉಪವಾಸ ತೂಕ ಇಳಿಸುವ ಯೋಜನೆಯಾಗಿ ಮಾರ್ಪಡುತ್ತಿರುವ ಬಗ್ಗೆ ನಮಗೆ ಬೇರೆ ತಕರಾರೂ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಎಲ್ಲರಿಗೂ ಹೀಗಾಗುವುದಿಲ್ಲ. ಒಬ್ಬರು ವರ್ಷಗಟ್ಟಲೆ ನುಂಗಿದರೂ ಏನೂ ಆಗದೆ ಇರಬಹುದು. ಎಚ್‌ಎಲ್‌ಎ-ಬಿ*35:01 ಎಂಬ ಆನುವಂಶಿಕ ಗುರುತು ಇರುವವರಲ್ಲಿ ಈ ಹಾನಿ ಹೆಚ್ಚು ಎಂದು ಅಮೆರಿಕದ ಸಂಶೋಧಕರು ಕಂಡುಕೊಂಡಿದ್ದಾರೆ. ನಮ್ಮಲ್ಲಿ ಯಾರಿಗೆ ಆ ಗುರುತು ಇದೆ ಎಂದು ಮುಖ ನೋಡಿ ಹೇಳಲಾಗದು. ಹಾಗಾಗಿ "ನನಗೇನೂ ಆಗಿಲ್ಲ, ನೀನೂ ತೆಗೆದುಕೊ" ಎಂಬ ಮಾತಿಗೆ ಬೆಲೆಯಿಲ್ಲ.

ಇಂತಹ ಎಷ್ಟೋ ಡಬ್ಬಿಗಳಲ್ಲಿ ಗ್ರೀನ್ ಟೀ ಜೊತೆ 'ಗಾರ್ಸೀನಿಯಾ' ಎಂಬ ಹೆಸರೂ ಇರುತ್ತದೆ. ಅದು ಬೇರೆ ಯಾವುದೂ ಅಲ್ಲ, ಮಲೆನಾಡಿನವರ ಉಪ್ಪಾಗೆ! ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಮಳೆಗಾಲದಲ್ಲಿ ಜನ ಹೆಕ್ಕಿ, ಸಿಪ್ಪೆ ಒಣಗಿಸಿ ಮಾರುವ ಹುಳಿ ಹಣ್ಣು. ಕೇರಳದವರು ಅದನ್ನೇ ಮೀನು ಸಾರಿಗೆ ಹಾಕುತ್ತಾರೆ. ಸಾರಿನಲ್ಲಿ ಎರಡು ತುಂಡು ಹಾಕಿದರೆ ತಲೆಮಾರುಗಳಿಂದ ಏನೂ ಆಗಿಲ್ಲ. ಅದರ ಸಾರವನ್ನು ಗಟ್ಟಿ ಮಾಡಿ ಕ್ಯಾಪ್ಸೂಲ್ ತುಂಬಿದಾಗ ಲಿವರ್ ಕೆಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ನಮ್ಮ ಕಾಡಿನ ಹಣ್ಣು ಸಮುದ್ರ ದಾಟಿ ಹೋಗಿ, ಇಂಗ್ಲಿಷ್ ಹೆಸರಿಟ್ಟುಕೊಂಡು, ಹತ್ತು ಪಟ್ಟು ಬೆಲೆಗೆ ಮರಳಿ ನಮ್ಮ ಮನೆಗೇ ಬರುತ್ತದೆ.

ಹಾಗಾದರೆ ಕುಡಿಯುವುದೇ ಬೇಡವೇ?

ಕುಡಿಯಿರಿ. ದಿನಕ್ಕೆ ಎರಡು ಮೂರು ಕಪ್ ಗ್ರೀನ್ ಟೀಯಿಂದ ಸಾಮಾನ್ಯ ಆರೋಗ್ಯವಂತರಿಗೆ ತೊಂದರೆಯಿಲ್ಲ. ಸಕ್ಕರೆ ಬೇಡ, ಬೆಲ್ಲವೂ ಬೇಡ. ಜೇನು ಹಾಕಿದರೆ ಲಿವರ್‌ಗೆ ಅದೂ ಸಕ್ಕರೆಯೇ. ಕುದಿಯುವ ನೀರು ಹಾಕಿದರೆ ಕಹಿ ಹೆಚ್ಚು, ಕುದಿ ಇಳಿದ ಮೇಲೆ ಎರಡು ಮೂರು ನಿಮಿಷ ನೆನೆಸಿದರೆ ಸಾಕು. ಊಟದ ಜೊತೆ ಕುಡಿದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ಆದುದರಿಂದ ರಕ್ತಹೀನತೆ ಇರುವ ಮಹಿಳೆಯರು ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇಡಬೇಕು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಅಥವಾ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರಲ್ಲಿ ಕೇಳಿಕೊಳ್ಳಲಿ.

ಇನ್ನೊಂದು ವಿಷಯ ತಿಳಿದು ನಮಗೇ ಆಶ್ಚರ್ಯವಾಯಿತು. ಲಿವರ್ ವಿಷಯದಲ್ಲಿ ಗ್ರೀನ್ ಟೀಗಿಂತ ಗಟ್ಟಿಯಾದ ಸಾಕ್ಷ್ಯ ಇರುವುದು ಕಾಫಿಗೆ! ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರಲ್ಲಿ ಲಿವರ್‌ನಲ್ಲಿ ನಾರು ಬೆಳೆಯುವುದು, ಸಿರೋಸಿಸ್ ಬರುವುದು ಕಡಿಮೆ ಎಂದು ಅನೇಕ ದೇಶಗಳ ಅಧ್ಯಯನಗಳು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದಿತು. ಬಾಬಾಬುಡನ್‌ಗಿರಿಯ ತಪ್ಪಲಿನ ಜನ ಚೀನಾ, ಜಪಾನಿನ ಟೀಗೆ ಮರುಳಾಗುವುದು ನೋಡಿದರೆ ನಗು ಬರುತ್ತದೆ. ಆದರೆ ಇಲ್ಲಿಯೂ ಸಕ್ಕರೆಯ ಕಥೆ ಅದೇ. ಕಾಫಿ ಕುಡಿದರೆ ನಿದ್ರೆ ಬಾರದವರಿಗೆ, ಎದೆ ಢವಗುಟ್ಟುವವರಿಗೆ ಬಲವಂತವೂ ಇಲ್ಲ.

ನಿಜವಾಗಿ ಕೊಬ್ಬು ಕರಗಿಸುವುದು ತೂಕ ಇಳಿಕೆ. ಈ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ದೇಹದ ತೂಕ ಶೇ. 5 ಇಳಿದರೆ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ. ಶೇ. 7ರಿಂದ 10 ಇಳಿದರೆ ಉರಿಯೂತ ಶಮನವಾಗುತ್ತದೆ, ಶೇ. 10 ದಾಟಿದರೆ ಬೆಳೆದ ನಾರು ಕೂಡ ಹಿಂದೆ ಸರಿಯಬಹುದು. 80 ಕಿಲೊ ಇರುವವರಿಗೆ ಶೇ. 5 ಎಂದರೆ ನಾಲ್ಕೇ ಕಿಲೊ. ಭದ್ರಾವತಿಯ ಹಿರಿಯರು 84ರಿಂದ 75ಕ್ಕೆ ಇಳಿದಾಗ ಶೇ. 10ಕ್ಕಿಂತ ಹೆಚ್ಚು ಇಳಿಸಿದ್ದರು, ವರದಿ ಸುಧಾರಿಸಿದ್ದು ಅದಕ್ಕೇ. ಹಾಗೆಂದು ಒಂದೇ ತಿಂಗಳಲ್ಲಿ ಇಳಿಸಲು ಹೊರಡಬೇಡಿ. ವಾರಕ್ಕೆ ಅರ್ಧ ಕಿಲೊ ಸಾಕು. ಅಮೆರಿಕದಲ್ಲಿ ನಾರು ಬೆಳೆದ ಲಿವರ್‌ಗೆಂದು 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಗ್ಲುಟೈಡ್ ಔಷಧಗಳಿಗೆ ಅನುಮತಿ ಸಿಕ್ಕಿದೆ. ಅವು ತಜ್ಞ ವೈದ್ಯರು ನಿರ್ಧರಿಸಬೇಕಾದ ಔಷಧಗಳು, ಅವುಗಳ ಜೊತೆಗೂ ಊಟದ ಪಥ್ಯ ತಪ್ಪದು.

ಮದ್ಯದ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ತಿಮೊಥೇಯನ ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಸಂತ ಪೌಲರು ಬರೆದದ್ದನ್ನು ರೋಸ್ ಸಮಾರಂಭಗಳಲ್ಲಿ ನಮಗೇ ನೆನಪಿಸುವವರಿದ್ದಾರೆ. ಸಂತ ಪೌಲರು ತಿಮೊಥೇಯನ ಸ್ಕ್ಯಾನಿಂಗ್ ವರದಿ ನೋಡಿರಲಿಲ್ಲ. ಈಗಾಗಲೇ ಕೊಬ್ಬು ತುಂಬಿದ ಲಿವರ್‌ಗೆ ಮದ್ಯವೂ ಸೇರಿದರೆ ಎರಡೂ ಕೂಡಿ ಹಾನಿ ಬೇಗ ಮುಂದುವರಿಯುತ್ತದೆ. ಫ್ಯಾಟಿ ಲಿವರ್ ಇದೆ ಎಂದು ಗೊತ್ತಾದವರಿಗೆ ಪೂರ್ತಿ ಬಿಡುವುದೇ ಕ್ಷೇಮ.

ಧರ್ಮಕೇಂದ್ರದಲ್ಲಿ ಏನು ಮಾಡಬಹುದು?

ಆರೋಗ್ಯ ಆಯೋಗದವರು, ಸ್ತ್ರೀ ಸಂಘಟನೆಯವರು ಶಿಬಿರ ಏರ್ಪಡಿಸುವಾಗ ದುಬಾರಿ ಯಂತ್ರ ತರಿಸಬೇಕಾಗಿಲ್ಲ. ಒಂದು ಟೈಲರ್ ಟೇಪ್ ಸಾಕು. ನಮ್ಮವರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದ್ದು 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು. ಪಾಶ್ಚಾತ್ಯರ ಅಳತೆ ನಮಗೆ ಹೊಂದುವುದಿಲ್ಲ. ಅವರಿಗೆ ಬಿಎಂಐ 30 ದಾಟಿದರೆ ಬೊಜ್ಜು, ಭಾರತೀಯರಿಗೆ 25ಕ್ಕೇ ಬೊಜ್ಜು. ನೋಡಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಇದರಲ್ಲಿ ಸೇರುತ್ತಾರೆ. ಸಕ್ಕರೆ ಕಾಯಿಲೆ ಇರುವವರು, ಸೊಂಟದ ಅಳತೆ ಮೀರಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ.

ಸ್ಕ್ಯಾನಿಂಗ್‌ನ ಗ್ರೇಡ್ ಕೊಬ್ಬು ಎಷ್ಟಿದೆ ಎಂದು ಹೇಳುತ್ತದೆ, ನಾರು ಬೆಳೆದಿದೆಯೇ ಎಂದು ಹೇಳುವುದಿಲ್ಲ. ಆದುದರಿಂದ ಗ್ರೇಡ್ 1 ಎಂದು ನಿಶ್ಚಿಂತರಾಗುವುದೂ ತಪ್ಪು, ಗ್ರೇಡ್ 2 ಎಂದು ಕಂಗಾಲಾಗುವುದೂ ತಪ್ಪು. ವಯಸ್ಸು, ರಕ್ತ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಮತ್ತು ಪ್ಲೇಟ್‌ಲೆಟ್ ಸಂಖ್ಯೆ, ಈ ನಾಲ್ಕರಿಂದ 'ಫಿಬ್-4' ಎಂಬ ಅಂಕ ಲೆಕ್ಕ ಹಾಕಬಹುದು. ಅದು 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನವರಲ್ಲಿ ಗಂಭೀರ ನಾರು ಇರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರನ್ನು ಕಾಣಲೇಬೇಕು. ವೈದ್ಯರಲ್ಲಿ "ನನ್ನ ಫಿಬ್-4 ಎಷ್ಟು?" ಎಂದು ಕೇಳಲು ಸಂಕೋಚ ಬೇಡ. ಎಎಲ್‌ಟಿ ಸರಿಯಾಗಿದ್ದರೂ ಒಳಗೆ ರೋಗ ಇರಬಹುದು ಎಂಬುದನ್ನೂ ನೆನಪಿಡಿ.

ಇನ್ನು ನಮ್ಮ ಸಭೆಗಳ ಚಹಾ. ವಾಳೆಯ ಕೂಟ, ಪಾಲನಾ ಪರಿಷತ್ತಿನ ಸಭೆ, ಧರ್ಮೋಪದೇಶದ ಶಿಕ್ಷಕರ ಸಭೆ, ಎಲ್ಲ ಕಡೆ ಕೆಟಲ್‌ನಲ್ಲೇ ಸಕ್ಕರೆ ಬೆರೆಸಿ ಬರುತ್ತದೆ, ಜೊತೆಗೆ ಕೇಕು, ಬಜ್ಜಿ. ಬೇಡ ಎಂದವರು ಬಿಗುಮಾನದವರಾಗುತ್ತಾರೆ. ಶಿವಮೊಗ್ಗದಿಂದ ಬಂದ ಮೇಲೆ ನಮ್ಮಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿ ಇಡುತ್ತೇವೆ, ಬಜ್ಜಿಯ ಬದಲು ಬೇಯಿಸಿದ ಕಡಲೆ ಅಥವಾ ಹೆಸರುಕಾಳಿನ ಉಸುಲಿ. ಮೊದಲ ವಾರ ಗೊಣಗಾಟ ಇತ್ತು. ಕಾರ್ಯದರ್ಶಿಯವರು ಮೂರು ಚಮಚ ಹಾಕಿಕೊಂಡು ನಮ್ಮ ಮುಖ ನೋಡಿದರು, ಈಗ ಒಂದಕ್ಕೆ ಬಂದಿದ್ದಾರೆ. ಕುಸ್ವಾರ್ ಬಿಡಿ ಎಂದು ಹೇಳುವಷ್ಟು ಕಠಿಣರು ನಾವಲ್ಲ. ಡಿಸೆಂಬರ್ ಮೊದಲ ವಾರದಿಂದ ಜನವರಿ ಕೊನೆಯ ತನಕ ಡಬ್ಬಿ ಮೇಜಿನ ಮೇಲೆಯೇ ಇರಬೇಕಾಗಿಲ್ಲ, ಅಷ್ಟೇ.

ಕವರ್ ಹಿಡಿದು ನಿಂತಿದ್ದ ಶಿವಮೊಗ್ಗದ ಆ ತಾಯಿಗೆ ನಾವು ಫೋನಿನಲ್ಲಿ ಉತ್ತರ ತಿಳಿಸಿದೆವು. ಗ್ರೀನ್ ಟೀ ಇಷ್ಟವಿದ್ದರೆ ಕುಡಿಯಿರಿ, ಸಕ್ಕರೆ ಬೇಡ, ರಕ್ತ ಪರೀಕ್ಷೆ ಮಾಡಿಸಿ ಫಿಬ್-4 ಕೇಳಿ, ಸಂಜೆ ಮುಕ್ಕಾಲು ಗಂಟೆ ನಡೆಯಿರಿ ಎಂದೆವು. ಕ್ಯಾಪ್ಸೂಲ್ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮೌನ. ಡಬ್ಬಿ ಮನೆಯಲ್ಲಿದೆ, ಇನ್ನೂ ಅರ್ಧ ಖಾಲಿಯಾಗಿಲ್ಲ, ಹಣ ಕೊಟ್ಟು ತಂದದ್ದು ಎಂದರು. ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಅಲ್ಲಿಯ ತನಕ ಮುಚ್ಚಳ ತೆರೆಯಬೇಡಿ ಎಂದಿದ್ದೇವೆ.